ಕಯಾಕಿಗೊಂದು ಫಿಶ್‌ಫೈಂಡರ್: ಕೊಳ್ಳುವ ಮುನ್ನ ನಾಲ್ಕು ಮಾತು



ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಹೆಚ್ಚಿನವರಿಗೆ ಕಡಲೆಂದರೆ ಮರೀನ್ ಡ್ರೈವಿನ ಕಟ್ಟೆ, ಜುಹೂವಿನ ಮರಳು, ಗಣಪತಿ ವಿಸರ್ಜನೆಯ ದಿನದ ನೂಕುನುಗ್ಗಲು. ಆದರೆ ನಿಮ್ಮ ಅಜ್ಜನ ಊರು ಮಲ್ಪೆಯೋ ಗಂಗೊಳ್ಳಿಯೋ ಭಟ್ಕಳವೋ ಕಾರವಾರವೋ ಆಗಿದ್ದರೆ, ಕಡಲು ನಿಮಗೆ ಬರಿಯ ನೋಟವಲ್ಲ, ಸಂಬಂಧ. ಆ ಸಂಬಂಧವನ್ನು ಮತ್ತೆ ಹುಡುಕುವವರಂತೆ ಈಚಿನ ವರ್ಷಗಳಲ್ಲಿ ನಮ್ಮ ಯುವಕ ಯುವತಿಯರಲ್ಲಿ ಕೆಲವರು ರಜೆಯ ದಿನ ಕಯಾಕ್ ಹತ್ತಿ ಗಾಳ ಹಾಕಲು ಹೊರಟಿದ್ದಾರೆ. ಒಬ್ಬರೋ ಇಬ್ಬರೋ ಕುಳಿತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಈ ಸಣ್ಣ ಪ್ಲಾಸ್ಟಿಕ್ ದೋಣಿಗೆ ಎಂಜಿನ್ ಇಲ್ಲ, ಡೀಸೆಲ್ ಖರ್ಚಿಲ್ಲ, ಸದ್ದೂ ಇಲ್ಲ.

ಕಯಾಕ್ ಬಂದ ಮೇಲೆ ಮುಂದಿನ ಆಸೆ ಫಿಶ್‌ಫೈಂಡರ್. ನೀರಿನೊಳಗಿನ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರ ಎಂದು ಅದರ ಹೆಸರೇ ಹೇಳುತ್ತದೆ. ಹತ್ತಾರು ಕಂಪನಿಗಳು, ನೂರಾರು ಮಾದರಿಗಳು. ಕೆಲವು ಹತ್ತು ಸಾವಿರದ ಒಳಗೆ, ಕೆಲವು ಲಕ್ಷದ ಮೇಲೆ. ಮೊದಲ ಸಂಬಳದಲ್ಲಿ ಅಥವಾ ತಂದೆಯವರ ದುಡ್ಡಿನಲ್ಲಿ ಯಾವುದನ್ನು ಕೊಳ್ಳಬೇಕು? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಬಯಿಯ ಖಾಡಿಗಳಲ್ಲಿ ಈ ಯಂತ್ರದಿಂದ ಆಗುವ ದೊಡ್ಡ ಉಪಕಾರ ಮೀನು ತೋರಿಸುವುದಲ್ಲ, ನೀರಿನ ಕೆಳಗಿನ ನೆಲವನ್ನು ತೋರಿಸುವುದು. ಈ ಒಂದು ಮಾತು ನೆನಪಿದ್ದರೆ ಅರ್ಧ ಹಣ ಉಳಿಯುತ್ತದೆ. ಒಮ್ಮೊಮ್ಮೆ ಪ್ರಾಣವೂ ಉಳಿಯುತ್ತದೆ.

ನಮ್ಮವರ ಕಣ್ಣು, ಜಪಾನಿಯರ ಕಿವಿ

ಯಂತ್ರ ಇಲ್ಲದ ಕಾಲದಲ್ಲಿ ಮೀನು ಹುಡುಕುತ್ತಿದ್ದುದು ಹೇಗೆ? ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ಹತ್ತಾರು ಮಂದಿ ಸೇರಿ ದಡಕ್ಕೆ ಎಳೆಯುವ ಬಲೆ ಅದು. ಅದನ್ನು ಇಳಿಸುವ ಮೊದಲು ಅನುಭವಿ ಹಿರಿಯರು ನೀರಿನ ಬಣ್ಣ ನೋಡುತ್ತಿದ್ದರು, ಹಕ್ಕಿಗಳು ಎಲ್ಲಿ ಎರಗುತ್ತವೆ ಎಂದು ಗಮನಿಸುತ್ತಿದ್ದರು, ಬಂಗುಡೆ ಬೂತಾಯಿಗಳ ಹಿಂಡು ಮೇಲೆ ಎಬ್ಬಿಸುವ ಸಣ್ಣ ಕಲಕನ್ನು ಗುರುತಿಸುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಈಗ ಮಲ್ಪೆ, ಮಂಗಳೂರುಗಳ ದೊಡ್ಡ ದೋಣಿಗಳಲ್ಲಿ ಶಬ್ದದಿಂದ ಆಳ ಅಳೆಯುವ ಯಂತ್ರಗಳು ಸಾಮಾನ್ಯವಾಗಿವೆ.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮ ಮೊಗವೀರ ಬಂಧುಗಳು 1902ರಲ್ಲೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಅಂಧೇರಿಯ ವೀರ ದೇಸಾಯಿ ರಸ್ತೆಯ ಕಡೆ ಅವರ ಶಿಕ್ಷಣ ಸಂಸ್ಥೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು, ಕೆಲವರು ಅಲ್ಲೇ ಓದಿರಲೂಬಹುದು. ಕಡಲಿನ ವಿದ್ಯೆ ನಮ್ಮ ಮನೆಗೆ ಹೊಸದಲ್ಲ ಎಂದು ನೆನಪಿಸಲು ಇಷ್ಟು ಹೇಳಿದೆ.

ಇನ್ನು ಯಂತ್ರದ ಕತೆ. ಜಪಾನಿನ ನಾಗಸಾಕಿ ಪ್ರಾಂತದಲ್ಲಿ ಫುರುನೋ ಎಂಬ ಸಹೋದರರು ಮೀನುಗಾರಿಕೆ ದೋಣಿಗಳ ವಿದ್ಯುತ್ ಕೆಲಸ ಮಾಡುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ, ಹಡಗುಗಳು ಆಳ ಅಳೆಯಲು ಬಳಸುತ್ತಿದ್ದ ಯಂತ್ರವನ್ನೇ ಮೀನು ಹುಡುಕಲು ಅವರು ಒಗ್ಗಿಸಿಕೊಂಡರು. 1948ರಲ್ಲಿ ಮೀನುಗಾರರ ಕೈಗೆ ಬಂದ ಮೊದಲ ಫಿಶ್‌ಫೈಂಡರ್ ಅದು. 1950ರ ದಶಕದ ಕೊನೆಗೆ ಅಮೆರಿಕದ ಲೋರೆನ್ಸ್ ಕುಟುಂಬದವರು ಹವ್ಯಾಸಿಗಳು ಹೊತ್ತೊಯ್ಯಬಹುದಾದ ಸಣ್ಣ ಹಸಿರು ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದರು. ಇಂದು ಕಯಾಕಿನ ಮೇಲೆ ಕೂರುವ ಯಂತ್ರ ಆ ಪೆಟ್ಟಿಗೆಯ ಮೊಮ್ಮಗ.

ಪರದೆಯ ಮೇಲೆ ಕಾಣುವುದೇನು?

ತತ್ತ್ವ ಸರಳ. ದೋಣಿಯ ಅಡಿಯಲ್ಲಿ ಮುಷ್ಟಿಗಿಂತ ಚಿಕ್ಕದಾದ ಟ್ರಾನ್ಸ್‌ಡ್ಯೂಸರ್ ಇರುತ್ತದೆ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಕಳಿಸುತ್ತದೆ. ಶಬ್ದ ನೆಲಕ್ಕೆ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಆಳ 15 ಮೀಟರ್ ಇದ್ದರೆ ಹೋಗಿ ಬರಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಈ ಹೊತ್ತನ್ನು ಅಳೆದು ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ.

ನಡುವೆ ಮೀನಿದ್ದರೆ ಅದೂ ಶಬ್ದವನ್ನು ಹಿಂದಕ್ಕೆ ಕಳಿಸುತ್ತದೆ. ಹಾಗೆ ಕಳಿಸುವುದು ಮುಖ್ಯವಾಗಿ ಮೀನಿನ ಮಾಂಸವಲ್ಲ, ಅದರ ಹೊಟ್ಟೆಯೊಳಗಿನ ಗಾಳಿಚೀಲ. ಮುಂಬಯಿಯವರು ಘೋಲ್ ಎನ್ನುವ ಮೀನಿನ ಗಾಳಿಚೀಲಕ್ಕೆ ಎಂಥ ಬೆಲೆ ಎಂಬುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. 2021ರಲ್ಲಿ ಪಾಲ್ಘರ್ ಜಿಲ್ಲೆಯ ಮುರ್ಬೆಯ ಮೀನುಗಾರರಿಗೆ ಒಂದೇ ಸಲಕ್ಕೆ ಸಿಕ್ಕ ಘೋಲ್ ಮೀನುಗಳು ಒಂದು ಕೋಟಿ ರೂಪಾಯಿಗೂ ಮೀರಿ ಹರಾಜಾದದ್ದು ದೊಡ್ಡ ಸುದ್ದಿಯಾಗಿತ್ತು. ಇಂಥ ದೊಡ್ಡ ಗಾಳಿಚೀಲದ ಮೀನು ಪರದೆಯ ಮೇಲೆ ಎದ್ದು ಕಾಣುತ್ತದೆ. ಗಾಳಿಚೀಲವೇ ಇಲ್ಲದ ತಾಟೆ, ತೊರಕೆಗಳು ಮಸುಕಾಗಿ ಕಾಣುತ್ತವೆ, ಇಲ್ಲವೇ ಕಾಣುವುದೇ ಇಲ್ಲ. ಪರದೆಯಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ನೀರಿನಲ್ಲಿ ಏನೂ ಇಲ್ಲ ಎಂದು ತಿಳಿಯಬಾರದು.

ಪರದೆಯ ಮೇಲೆ ಮೀನು ಕಮಾನಿನಂತೆ ಮೂಡುವುದೇಕೆ? ದೋಣಿ ಮೀನಿನ ಮೇಲೆ ಸಾಗುವಾಗ ಮೊದಲು ಮೀನು ಓರೆಯಲ್ಲಿ ದೂರ, ನಂತರ ನೇರ ಕೆಳಗೆ ಹತ್ತಿರ, ಮತ್ತೆ ದೂರ. ಈ ದೂರ ಹತ್ತಿರಗಳೇ ಕಮಾನಾಗುತ್ತವೆ. ದೋಣಿ ನಿಂತಿದ್ದರೆ ಕಮಾನಿಲ್ಲ, ಉದ್ದನೆಯ ಗೆರೆ ಮಾತ್ರ. ಪರದೆಯ ಬಲತುದಿ ಮಾತ್ರ ಈ ಕ್ಷಣದ್ದು, ಉಳಿದದ್ದೆಲ್ಲ ಆಗಿಹೋದದ್ದು. ಅಂದರೆ ನೀವು ನೋಡುತ್ತಿರುವ ಮೀನು ಆಗಲೇ ಹಿಂದೆ ಉಳಿದಿದೆ.

ಹೆಚ್ಚಿನ ಯಂತ್ರಗಳಲ್ಲಿ ಕಮಾನಿನ ಬದಲು ಮುದ್ದಾದ ಮೀನಿನ ಚಿತ್ರ ತೋರಿಸುವ ಸೌಲಭ್ಯ ಇರುತ್ತದೆ. ಅಂಗಡಿಯವರು ಅದನ್ನೇ ಮೊದಲು ತೋರಿಸುತ್ತಾರೆ. ಕೊಂಡ ದಿನವೇ ಅದನ್ನು ಆರಿಸಿಬಿಡಿ. ಗಾಳಿಯ ಗುಳ್ಳೆ ಹಿಡಿದುಕೊಂಡು ತೇಲುವ ಪ್ಲಾಸ್ಟಿಕ್ ಚೀಲಕ್ಕೂ ಮೀನಿಗೂ ಯಂತ್ರ ಭೇದ ಮಾಡಲಾರದು. ನಮ್ಮ ಖಾಡಿಗಳಲ್ಲಿ ಯಾವುದು ಹೆಚ್ಚು ಎಂಬುದು ನಿಮಗೇ ಗೊತ್ತು!

ಮುಂಬಯಿಯ ನೀರು

ಊರಿನಲ್ಲಿ ಹಿನ್ನೀರು, ಅಳಿವೆ ಎನ್ನುವುದನ್ನು ಇಲ್ಲಿ ಖಾಡಿ ಎನ್ನುತ್ತಾರೆ. ಗೊರಾಯಿ, ಮನೋರಿ, ಮಾರ್ವೆ, ವಸಾಯಿ ಖಾಡಿಗಳಲ್ಲಿ ಕಯಾಕ್ ಹೋಗುವ ಕಡೆ ನೀರು ಬಹುಪಾಲು ಹತ್ತು ಮೀಟರಿನ ಒಳಗೆ, ಎಷ್ಟೋ ಕಡೆ ಎರಡು ಮೂರು ಮೀಟರ್. ಕದಡಿದ ನೀರು, ಕೆಳಗೆ ಕೆಸರು. ಕಣ್ಣಿಗೆ ಒಂದು ಅಡಿಯ ಕೆಳಗಿನದೂ ಕಾಣುವುದಿಲ್ಲ.

ಯಂತ್ರದ ಶಬ್ದ ಟಾರ್ಚಿನ ಬೆಳಕಿನಂತೆ ಕೆಳಗೆ ಹೋದಷ್ಟೂ ಅಗಲವಾಗುತ್ತದೆ. 20 ಡಿಗ್ರಿ ಕೋನದ ಶಬ್ದ ಹತ್ತು ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ವೃತ್ತವನ್ನು ನೋಡುತ್ತದೆ. ಐದು ಮೀಟರಿನಲ್ಲಿ ಒಂದೂಮುಕ್ಕಾಲು ಮೀಟರ್. ಎರಡು ಮೀಟರಿನಲ್ಲಿ ಮುಕ್ಕಾಲು ಮೀಟರೂ ಇಲ್ಲ. ಅಷ್ಟು ಆಳವಿಲ್ಲದ ನೀರಿನಲ್ಲಿ ದೋಣಿಯ ನೆರಳು ಬಿದ್ದ ಮೀನು ಅಲ್ಲಿ ನಿಲ್ಲುವುದೂ ಇಲ್ಲ. ಹಾಗಾಗಿ ಮೀನು ತೋರಿಸುವ ಕೆಲಸದಲ್ಲಿ ಯಂತ್ರ ಇಲ್ಲಿ ಅಷ್ಟಕ್ಕಷ್ಟೆ.

ಆದರೆ ನೆಲವನ್ನು ಅದು ಚೆನ್ನಾಗಿ ಹೇಳುತ್ತದೆ. ಬಂಡೆ ಇದ್ದರೆ ನೆಲದ ಗೆರೆ ಗಟ್ಟಿಯಾಗಿ ದಟ್ಟ ಬಣ್ಣದಲ್ಲಿ ಬರುತ್ತದೆ, ಕೆಲವೊಮ್ಮೆ ಕೆಳಗೆ ಇನ್ನೊಂದು ನೆರಳು ಗೆರೆಯೂ ಮೂಡುತ್ತದೆ. ಕೆಸರಾದರೆ ಗೆರೆ ಮೆತ್ತಗೆ, ಮಸುಕಾಗಿ. ಖಾಡಿಯ ನಡುವೆ ಹಠಾತ್ತಾಗಿ ಇಳಿಯುವ ಆಳದ ಕಾಲುವೆ, ಕಾಂಡ್ಲಾಕಾಡಿನ ಅಂಚಿನಲ್ಲಿ ಕೊರೆದ ಗುಂಡಿ, ಹಳೆಯ ಗೋಡೆಯ ಬುಡ ಎಲ್ಲವೂ ತಿಳಿಯುತ್ತವೆ. ಜಿತಾಡಾ, ತಾಂಬ್‌ನಂಥ ಮೀನುಗಳು ಹೊಂಚು ಹಾಕಿ ನಿಲ್ಲುವುದು ಇಂಥ ಜಾಗದಲ್ಲೇ. ಜಾಗ ಸಿಕ್ಕರೆ ಮೀನು ಸಿಕ್ಕ ಹಾಗೆ.

ಇನ್ನೊಂದು ಸಂಗತಿ ಭರತಿ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಒಂದು ಲೆಕ್ಕ ಮಾಡಿ. ಬೆಳಿಗ್ಗೆ ಭರತಿ 4.4 ಮೀಟರ್, ಮಧ್ಯಾಹ್ನ ಇಳಿತ 0.8 ಮೀಟರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ 3.6 ಮೀಟರ್. ಭರತಿಯ ಹೊತ್ತಿಗೆ ನಿಮ್ಮ ಪರದೆ 3 ಮೀಟರ್ ಆಳ ತೋರಿಸಿದ್ದರೆ, ಮಧ್ಯಾಹ್ನ ಅಲ್ಲಿ ನೀರೇ ಇಲ್ಲ! ಇಳಿಯುವುದೂ ಸಮನಾಗಿ ಅಲ್ಲ. ಆರು ಗಂಟೆಯ ಇಳಿತದಲ್ಲಿ ನಡುವಿನ ಎರಡೇ ಗಂಟೆಗಳಲ್ಲಿ ಸುಮಾರು ಅರ್ಧದಷ್ಟು ನೀರು ಹೋಗಿಬಿಡುತ್ತದೆ. ಕೆಸರಿನ ಮೇಲೆ ಕೂತ ಕಯಾಕಿನಿಂದ ಇಳಿದರೆ ಸೊಂಟದವರೆಗೆ ಹೂತುಹೋಗಬಹುದು. ಕುಳಿತಲ್ಲೇ ಮತ್ತೆ ಭರತಿ ಬರುವವರೆಗೆ ಬಿಸಿಲಿನಲ್ಲಿ ಕಾಯಬೇಕು. ಆಳದ ಅಂಕಿ ಒಂದೊಂದಾಗಿ ಕಡಿಮೆಯಾಗುವುದನ್ನು ಕಂಡು ಸಕಾಲದಲ್ಲಿ ಕಾಲುವೆಯ ಕಡೆ ತಿರುಗಿಸುವವನಿಗೆ ಈ ಪಾಡಿಲ್ಲ. ಫಿಶ್‌ಫೈಂಡರಿನ ನಿಜವಾದ ಬೆಲೆ ಇಲ್ಲಿದೆ.

ಭರತಿಯ ಹೊತ್ತು ತಿಳಿಯಲು ಇಲ್ಲಿನ ಹಳಬರ ಲೆಕ್ಕ ಒಂದಿದೆ. ತಿಥಿಯ ಮುಕ್ಕಾಲು ಪಾಲೇ ಭರತಿಯ ಗಂಟೆ. ಅಷ್ಟಮಿ ಎಂದರೆ ಎಂಟರ ಮುಕ್ಕಾಲು ಆರು, ಭರತಿ ಸುಮಾರು ಆರಕ್ಕೆ. ಹುಣ್ಣಿಮೆ ಕಳೆದ ಮೇಲೆ ಪಾಡ್ಯದಿಂದ ಮತ್ತೆ ಎಣಿಸಬೇಕು. ನಿಮ್ಮ ಅಡುಗೆಮನೆಯ ಗೋಡೆಯ ಕಾಲನಿರ್ಣಯದಲ್ಲಿ ತಿಥಿ ಇದ್ದೇ ಇದೆ. ಅಮ್ಮನನ್ನು ಕೇಳಿದರೆ ನೋಡಿ ಹೇಳುತ್ತಾರೆ. ಇದು ಅಂದಾಜು ಮಾತ್ರ. ನೀರಿಗಿಳಿಯುವ ದಿನ ಭರತಿ ಇಳಿತದ ಅಧಿಕೃತ ಪಟ್ಟಿಯನ್ನೇ ನೋಡಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಆಳದ ಅಂಕಿಗೆ ಮರುಳಾಗಬೇಡಿ. ಗಾರ್ಮಿನ್ ಕಂಪನಿಯ ಸ್ಟ್ರೈಕರ್ 4 ಎಂಬ ಸಣ್ಣ ಯಂತ್ರವೂ ಉಪ್ಪುನೀರಿನಲ್ಲಿ 750 ಅಡಿ ಆಳ ನೋಡಬಲ್ಲದು ಎಂದು ಕಂಪನಿ ಹೇಳುತ್ತದೆ. ನಿಮ್ಮ ಖಾಡಿ ಮೂವತ್ತು ಅಡಿ. ಆಳದ ಸಾಮರ್ಥ್ಯಕ್ಕಾಗಿ ಹೆಚ್ಚು ಹಣ ಕೊಡುವುದು ಬೀದಿಯ ತುದಿಗೆ ಹೋಗಲು ವಿಮಾನದ ಟಿಕೆಟ್ ತೆಗೆದಂತೆ.

ನೋಡಬೇಕಾದವು ಇವು. ಮೊದಲನೆಯದು ಶಬ್ದದ ಆವರ್ತನ. ಆಳವಿಲ್ಲದ ನೀರಿಗೆ 200 ಕಿಲೋಹರ್ಟ್ಸ್‌ನ ಸುತ್ತಮುತ್ತಲಿನದು ಸರಿ, ಕಿರಿದಾದ ವಿವರಗಳನ್ನು ಬಿಡಿಸಿ ತೋರಿಸುತ್ತದೆ. 50 ಕಿಲೋಹರ್ಟ್ಸ್ ಆಳಸಮುದ್ರದವರಿಗೆ. ಚಿರ್ಪ್ ಎಂಬ ವಿಧಾನ ಒಂದೇ ಸ್ವರದ ಬದಲು ಒಂದು ಸ್ವರಶ್ರೇಣಿಯನ್ನೇ ಕಳಿಸುವುದರಿಂದ ಹತ್ತಿರ ಹತ್ತಿರದ ವಸ್ತುಗಳು ಬೇರೆಬೇರೆಯಾಗಿ ಕಾಣುತ್ತವೆ. ಈಗ ಅಗ್ಗದ ಯಂತ್ರಗಳಲ್ಲೂ ಅದು ಸಿಗುತ್ತದೆ, ಇದ್ದರೆ ಒಳ್ಳೆಯದು.

ಎರಡನೆಯದು ಪರದೆ. ಮೂರೂವರೆ ನಾಲ್ಕು ಇಂಚು ಸಾಕು, ಮೊಣಕಾಲಿನ ಬಳಿಯೇ ಇರುತ್ತದಲ್ಲ. ಆದರೆ ನೆತ್ತಿಯ ಬಿಸಿಲಿನಲ್ಲಿ ಓದಲು ಬರಬೇಕು. ಸಾಧ್ಯವಾದರೆ ಅಂಗಡಿಯ ಹೊರಗೆ ಬೀದಿಗೆ ತಂದು ನೋಡಿ.

ಮೂರನೆಯದು ಜಿಪಿಎಸ್. ನಕ್ಷೆ ಇಲ್ಲದಿದ್ದರೂ ನಡೆಯುತ್ತದೆ, ಜಾಗ ಗುರುತು ಹಾಕುವ ಸೌಲಭ್ಯ ಸಾಕು. ಒಮ್ಮೆ ಸಿಕ್ಕ ಬಂಡೆ, ಹೊರಟ ದಡ, ಕಾಲುವೆಯ ಬಾಯಿ ಈ ಮೂರನ್ನು ಗುರುತಿಟ್ಟುಕೊಂಡರೆ ಮಂಜಿನಲ್ಲೂ ಮರಳಬಹುದು. ಸ್ಟ್ರೈಕರ್ 4ರಲ್ಲಿ ಇದಿದೆ. ಹಮ್ಮಿನ್‌ಬರ್ಡ್ ಕಂಪನಿಯ ಪಿರಾನ್ಹಾಮ್ಯಾಕ್ಸ್ 4ರಲ್ಲಿ ಜಿಪಿಎಸ್ ಇಲ್ಲ. ಎರಡರ ಬೆಲೆಯಲ್ಲಿ ಅಂತರ ಸ್ವಲ್ಪವೇ ಇದ್ದರೆ ಜಿಪಿಎಸ್ ಇರುವುದನ್ನೇ ಆರಿಸಿ. ಬದಿಯ ನೋಟ, ದೊಡ್ಡ ನಕ್ಷೆ, ಫೋನಿನ ಜೋಡಣೆ ಇವೆಲ್ಲ ಸದ್ಯಕ್ಕೆ ಬೇಡ.

ನಾಲ್ಕನೆಯದು ರಿಪೇರಿ. ಈ ವರ್ಗದ ಯಂತ್ರಗಳು ಅಮೆರಿಕದಲ್ಲಿ ನೂರರಿಂದ ನೂರೈವತ್ತು ಡಾಲರಿನ ಆಸುಪಾಸಿನಲ್ಲಿ ಸಿಗುತ್ತವೆ. ಇಲ್ಲಿಗೆ ಬರುವಾಗ ಸುಂಕ, ಸಾಗಣೆ ಸೇರಿ ಬೆಲೆ ಏರುತ್ತದೆ. ನ್ಯೂಜೆರ್ಸಿಯ ಚಿಕ್ಕಪ್ಪನಿಂದ ತರಿಸುವ ಯೋಚನೆ ಇದ್ದರೆ, ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲು ಕೇಳಿ. ಹಳೆಯದನ್ನು ಕೊಳ್ಳುವುದಾದರೆ ಕೇಬಲಿನ ತುದಿಯ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಟ್ರಾನ್ಸ್‌ಡ್ಯೂಸರ್ ಅದೇ ಮಾದರಿಯದೇ ಎಂದು ನೋಡಿ.

ಚೆಂಡಿನಾಕಾರದ, ದಾರ ಕಟ್ಟಿ ನೀರಿಗೆ ಎಸೆಯುವ ಯಂತ್ರಗಳೂ ಇವೆ. ಲಿಥುವೇನಿಯಾದ ಡೀಪರ್ ಕಂಪನಿಯದು ಹೆಸರುವಾಸಿ. ಚಿತ್ರ ನಿಮ್ಮ ಫೋನಿನಲ್ಲಿ ಬರುತ್ತದೆ. ವೈರಿಲ್ಲ, ಜೋಡಣೆ ಇಲ್ಲ. ಜೆಟ್ಟಿಯ ಮೇಲೆ ನಿಂತು ಗಾಳ ಹಾಕುವವರಿಗೆ ಇದು ಒಳ್ಳೆಯದು. ಕಯಾಕಿನಲ್ಲಿ ಮಾತ್ರ ಯೋಚಿಸಿ. ಒದ್ದೆ ಕೈ, ಬಿಸಿಲಿನಲ್ಲಿ ಕಾಣದ ಪರದೆ, ಬೇಗ ಮುಗಿಯುವ ಫೋನಿನ ಬ್ಯಾಟರಿ. ಆಪತ್ತಿನಲ್ಲಿ ನಾಲ್ಕು ಜನರನ್ನು ಕರೆಯಲು ಇರುವುದು ಆ ಫೋನ್ ಒಂದೇ. ಅದನ್ನು ಮೀನು ನೋಡಲು ಖಾಲಿ ಮಾಡಬಾರದು.

ಬ್ಯಾಟರಿ ಮತ್ತು ಜೋಡಣೆ

ಸಣ್ಣ ಯಂತ್ರಕ್ಕೆ ಬೇಕಾದ ವಿದ್ಯುತ್ ಕಾಲು ಆಂಪಿಯರಿನಷ್ಟು. ಮನೆಯ ಕಂಪ್ಯೂಟರಿನ ಯುಪಿಎಸ್ ಒಳಗಿರುವ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಒಂದು ಹಗಲಿಗೆ ಧಾರಾಳ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುತ್ತದೆ. ತೂಕ ಎರಡು ಕಿಲೋ ಮೀರುತ್ತದೆ. ಹಗುರವಾದ ಲಿಥಿಯಂ ಬ್ಯಾಟರಿ ಬೇಕಾದರೆ ಬೆಲೆ ಹೆಚ್ಚು. ಯಾವುದಾದರೂ ಸರಿ, ರಬ್ಬರ್ ಅಂಚಿನ ಊಟದ ಡಬ್ಬಿಯಂಥದರಲ್ಲಿ ನೀರು ಹೋಗದಂತೆ ಇಡಿ. ವೈರಿನ ನಡುವೆ ಕಂಪನಿ ಹೇಳಿದ ಅಳತೆಯ ಫ್ಯೂಸ್ ಇರಲೇಬೇಕು.

ಟ್ರಾನ್ಸ್‌ಡ್ಯೂಸರನ್ನು ಕಯಾಕಿನ ಪಕ್ಕಕ್ಕೆ ಪಿವಿಸಿ ಪೈಪಿನ ತೋಳಿನಲ್ಲಿ ಇಳಿಬಿಡುವುದು ಸುಲಭದ ದಾರಿ. ಕಯಾಕಿಗೆ ತೂತು ಕೊರೆಯುವ ಅಗತ್ಯವಿಲ್ಲ, ದಡಕ್ಕೆ ಬರುವಾಗ ಎತ್ತಿಕೊಳ್ಳಬಹುದು. ಕಯಾಕಿನ ಒಳತಳಕ್ಕೆ ಅಂಟಿಸಿದರೂ ಪ್ಲಾಸ್ಟಿಕ್ ಮೂಲಕ ಶಬ್ದ ಹಾದುಹೋಗುತ್ತದೆ, ಆದರೆ ನಡುವೆ ಗಾಳಿಯ ಗುಳ್ಳೆ ಉಳಿದರೆ ಯಂತ್ರ ಕುರುಡು. ಒಳಗೆ ಕೂತದ್ದು ನೀರಿನ ಉಷ್ಣತೆಯನ್ನೂ ಸರಿಯಾಗಿ ಹೇಳದು. ಮನೆಗೆ ಬಂದ ಕೂಡಲೇ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಯಾರನ್ನೂ ಬಿಡುವುದಿಲ್ಲ.

ಮೊದಲು ಹಗ್ಗ, ಆಮೇಲೆ ಯಂತ್ರ

ನನ್ನ ಸಲಹೆ ಕೇಳುವಿರಾದರೆ, ಯಂತ್ರ ಕೊಳ್ಳುವ ಮೊದಲು ಎರಡು ತಿಂಗಳು ಹಗ್ಗದಿಂದ ಆಳ ಅಳೆಯಿರಿ. ಹದಿನೈದು ಮೀಟರ್ ನೈಲಾನ್ ಹಗ್ಗ, ತುದಿಗೆ ಕಾಲು ಕಿಲೋ ಸೀಸದ ಗುಂಡು, ಮೀಟರಿಗೊಂದು ಗಂಟು. ಗುಂಡಿನ ತಳಕ್ಕೆ ಗ್ರೀಸ್ ಅಥವಾ ಸಾಬೂನು ಮೆತ್ತಿದರೆ ಕೆಳಗಿನ ಮರಳೋ ಕೆಸರೋ ಚಿಪ್ಪೋ ಅಂಟಿಕೊಂಡು ಬರುತ್ತದೆ. ಹಡಗುಗಳಲ್ಲಿ ಶತಮಾನಗಳ ಕಾಲ ನಡೆದ ಪದ್ಧತಿ ಇದು. ಅಳೆದ ಹೊತ್ತು, ಆಳ, ನೆಲದ ಗುಣವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಿರಿ. ಎರಡು ತಿಂಗಳಲ್ಲಿ ನಿಮ್ಮ ಖಾಡಿಯ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಆಮೇಲೆ ಯಂತ್ರ ಕೊಂಡರೆ ಅದು ಹೇಳುವುದು ನಿಜವೋ ಸುಳ್ಳೋ ಎಂದು ತಿಳಿಯುವ ಶಕ್ತಿ ನಿಮಗಿರುತ್ತದೆ.

ಇನ್ನೊಂದು ಮಾತು. ವರ್ಸೋವಾ, ಮಡ್, ಮನೋರಿಗಳ ಕೋಳಿ ಬಂಧುಗಳು ಈ ನೀರಿನ ನಿಜವಾದ ಬಲ್ಲವರು. ಅವರ ಡೋಲ್ ಬಲೆಯ ಗೂಟಗಳಿಗೆ ಕಯಾಕ್ ಕಟ್ಟಬೇಡಿ, ಬಲೆಯ ಬಾಯಿಗೆ ಅಡ್ಡ ಹೋಗಬೇಡಿ. ಹಿರಿಯರೊಬ್ಬರನ್ನು ಕಾಕಾ ಎಂದು ಮಾತನಾಡಿಸಿ, ಮರಾಠಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ದಡದ ಎರಡು ಗುರುತುಗಳನ್ನು ಒಂದೇ ಸಾಲಿಗೆ ತಂದು ಜಾಗ ಹಿಡಿಯುವ ವಿದ್ಯೆಯನ್ನು ಅವರಿಂದ ಕಲಿಯಬಹುದು. ಅದಕ್ಕೆ ಬ್ಯಾಟರಿ ಬೇಕಿಲ್ಲ.

ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದದ್ದು

ಹಣ ಮಿತವಾಗಿದ್ದರೆ ಕ್ರಮ ಹೀಗಿರಲಿ: ಮೈಗೆ ಸರಿಹೊಂದುವ ಜೀವರಕ್ಷಕ ಜಾಕೆಟ್, ಸೀಟಿ, ಫೋನಿಗೆ ನೀರು ತಾಗದ ಚೀಲ, ಕುಡಿಯುವ ನೀರು. ಇವಾದ ಮೇಲೆ ಫಿಶ್‌ಫೈಂಡರ್. ಜಾಕೆಟ್ ಧರಿಸಬೇಕು, ಸೀಟಿನ ಹಿಂದೆ ಕಟ್ಟಿಡಬಾರದು. ಒಬ್ಬರೇ ಹೋಗಬೇಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೋಗಿ. ಕಡಲಿನಲ್ಲಿ ಆಪತ್ತಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಫೋನಿನಲ್ಲಿ ಈಗಲೇ ಬರೆದಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಯಾಕಿಗೆ ಎಂಜಿನ್ ಇಲ್ಲ ಎಂದು ವಾದಿಸಬೇಡಿ. ಮೀನು ಮರಿ ಮಾಡುವ ಕಾಲ ಅದು, ಮಳೆಗಾಲದ ಕಡಲು ಕಯಾಕಿನದಲ್ಲ. ನಾರಳಿ ಹುಣ್ಣಿಮೆಗೆ ಕೋಳಿ ಬಂಧುಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ನೀವೂ ಕಾಯಿರಿ. ನೌಕಾಪಡೆಯ ಜಾಗ, ಬಂದರು, ಟ್ರಾಂಬೆಯ ಅಣುಶಕ್ತಿ ಕೇಂದ್ರದ ಸಮೀಪ ಸುಳಿಯಲೇಬೇಡಿ. 2008ರ ನವೆಂಬರ್ ದಾಳಿಕೋರರು ಬಂದದ್ದು ಕಡಲಿನಿಂದ ಎಂಬುದನ್ನು ಈ ನಗರ ಮರೆತಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ಠಾಣೆ ಖಾಡಿಯಲ್ಲಿ 2015ರಲ್ಲಿ ಘೋಷಿತವಾದ ರಾಜಹಂಸಗಳ ಅಭಯಾರಣ್ಯವಿದೆ, ವಿಹಾರ ತುಳಸಿ ಕೆರೆಗಳು ಕುಡಿಯುವ ನೀರಿನವು, ಪೊವಾಯಿಯಲ್ಲಿ ಮೊಸಳೆಗಳಿವೆ. ಎಲ್ಲಿಯೂ ಕೇಳದೆ ಇಳಿಯಬೇಡಿ.

ಕೊನೆಯದಾಗಿ ಮೀನಿನ ಮಾತು. ಮಹಾರಾಷ್ಟ್ರ ಸರಕಾರ 2023ರಲ್ಲಿ 54 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿದೆ. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ಅದೇ ವರ್ಷ ಪಾಪ್ಲೆಟ್, ಅಂದರೆ ನಮ್ಮ ಮಾಂಜಿ, ರಾಜ್ಯದ ಮೀನಾಯಿತು. ಅದು ವಿರಳವಾಗುತ್ತಿದೆ ಎಂಬ ಕಳವಳವೂ ಈ ಗೌರವದ ಹಿಂದೆ ಇದೆ. ಯಂತ್ರ ಇರುವವನ ಕೈಗೆ ಹೆಚ್ಚು ಸಿಗುತ್ತದೆ, ಹಾಗಾಗಿ ಬಿಟ್ಟುಬಿಡುವ ಹೊಣೆಯೂ ಅವನಿಗೇ ಹೆಚ್ಚು. ಮನೆಯವರ ಒಂದು ಹೊತ್ತಿನ ಊಟಕ್ಕಾಗುವಷ್ಟು ಹಿಡಿದು ಉಳಿದದ್ದನ್ನು ನೀರಿಗೆ ಬಿಡಿ.

ಅಗ್ಗದ ಯಂತ್ರ ಸಾಕೇ ಎಂದರೆ, ಖಂಡಿತ ಸಾಕು. ನೀರನ್ನು ಓದಲು ಕಲಿತವನಿಗೆ ಸಣ್ಣ ಪರದೆಯೂ ಬಹಳ ಹೇಳುತ್ತದೆ. ಕಲಿಯದವನಿಗೆ ಲಕ್ಷದ ಪರದೆಯೂ ಬರಿಯ ಬಣ್ಣದ ಚಿತ್ರ. ನಿಮ್ಮ ಗಾಳಕ್ಕೆ ಒಳ್ಳೆಯ ಮೀನು ಬೀಳಲಿ, ಭರತಿ ಇಳಿಯುವ ಮೊದಲೇ ನೀವು ದಡ ಸೇರಿರಿ ಎಂದು ಹಾರೈಸುತ್ತೇನೆ.